‘ಪ್ರಿಪೇರ್ಡ್ ಬೈ’ ಎದುರು ಯಾರ ಹೆಸರಿದೆ, ತಂಗೀ?

ಈ ವಾರ ಬಂದ ಪತ್ರಗಳಲ್ಲಿ ಒಂದಕ್ಕೇ ಉತ್ತರ ಬರೆಯುತ್ತಿದ್ದೇನೆ. ಉಳಿದವರು ಸಿಟ್ಟಾಗಬೇಡಿ. ಅತ್ತೆಯ ಮಾತು, ನಾದಿನಿಯ ಮದುವೆ, ಪಾಲಿನ ಹೊಲ ಇವೆಲ್ಲ ಮುಂದಿನ ವಾರದವರೆಗೂ ಕೆಡದೆ ಇರುತ್ತವೆ. ಸೇಡಂ ಕಡೆಯಿಂದ ಬಂದ ಈ ಪತ್ರವನ್ನು ಅಡುಗೆಮನೆಯಲ್ಲಿ ನಿಂತು ಓದುತ್ತಿದ್ದೆ, ಹಂಚಿನ ಮೇಲಿನ ರೊಟ್ಟಿ ಕರ್ರಗಾಯಿತು. ಅದರಲ್ಲಿ ಒಂದು ಸಾಲು ಅಂಥದ್ದಿತ್ತು.

ಬರೆದವಳಿಗೆ 34 ವರ್ಷ. ಕೆಮಿಕಲ್ ಎಂಜಿನಿಯರಿಂಗ್‌ನಲ್ಲಿ ಬಿಇ. ಸಿಮೆಂಟ್ ಕಾರ್ಖಾನೆಯ ಲ್ಯಾಬಿನಲ್ಲಿ ಹನ್ನೊಂದು ವರ್ಷದ ಕೆಲಸ, ಕಾಲೊನಿಯಲ್ಲಿ ಕ್ವಾರ್ಟರ್ಸು. ಗಂಡ ಸರ್ಕಾರಿ ಹೈಸ್ಕೂಲಿನಲ್ಲಿ ಮಾಸ್ತರ, ಮಗ ಮೂರನೇ ಕ್ಲಾಸು. “ಧೂಳು ಸಾಕಾಗ್ಯಾದ ಅಕ್ಕಾ, ಲೈನ್ ಬದಲು ಮಾಡಬೇಕು” ಎನ್ನುತ್ತಾಳೆ. ಹೋಗಬೇಕಿರುವುದು ಸಸ್ಟೇನಬಿಲಿಟಿ ಕಡೆಗೆ, ಅಂದರೆ ಕಂಪನಿಗಳ ಪರಿಸರದ ಲೆಕ್ಕ ನೋಡುವ ಕೆಲಸಕ್ಕೆ. ಅದಕ್ಕೆ ಆನ್‌ಲೈನ್ ಸ್ನಾತಕೋತ್ತರ ಕೋರ್ಸ್ ಹುಡುಕಿ ಮೂರನ್ನು ಆರಿಸಿಟ್ಟುಕೊಂಡಿದ್ದಾಳೆ. ಒಂದು, ವಿದೇಶಿ ವಿಶ್ವವಿದ್ಯಾಲಯದ ಹೆಸರಿನಲ್ಲಿ ಇಲ್ಲಿಯ ಕಂಪನಿಯೊಂದು ಮಾರುವ ಹನ್ನೊಂದು ತಿಂಗಳ ಎಕ್ಸಿಕ್ಯುಟಿವ್ ಪಿಜಿ, 4.6 ಲಕ್ಷ. ಎರಡು, ಒಂದು ಖಾಸಗಿ ವಿಶ್ವವಿದ್ಯಾಲಯದ ಎರಡು ವರ್ಷದ ಆನ್‌ಲೈನ್ ಎಂಬಿಎ. ಮೂರು, ಇಗ್ನೊದ ಸ್ನಾತಕೋತ್ತರ ಡಿಪ್ಲೊಮಾ. ಮೊದಲನೆಯದನ್ನು ಸೂಚಿಸಿದ್ದು ಪುಣೆಯಲ್ಲಿರುವ ಐಟಿ ಅಣ್ಣ. ಅವ್ವ ಕೊಟ್ಟ ಪಾಟ್ಲಿ ಅಡವಿಟ್ಟು ಒಂದು ಲಕ್ಷ ಮೊದಲು ಕಟ್ಟಬೇಕಂತೆ, ಉಳಿದದ್ದು ತಿಂಗಳಿಗೆ 15,000ದಂತೆ 24 ಕಂತು. ಮೇ 31 ಕೊನೇ ದಿನ. ಮಾಸ್ತರ ಹೇಳುವುದು ಇಷ್ಟೇ: “ಓದು, ಆದರ ಸಾಲ ಬ್ಯಾಡ.” ಯಾವುದನ್ನು ಆರಿಸಲಿ ಅಕ್ಕಾ ಎಂಬುದು ಪ್ರಶ್ನೆ.

ಇದು ಪತ್ರದ ಮೂರು ಪುಟ. ನಾಲ್ಕನೇ ಪುಟದ ತುದಿಗೆ, ಸಹಿಗೆ ಸ್ವಲ್ಪ ಮೇಲೆ, ಹೀಗೊಂದು ಸಾಲು: “ಪರಿಸರದ ಅನುಭವ ಅಂತ ನನಗೇನೂ ಇಲ್ಲ. ದಿನಾ ಕ್ರೂಸಿಬಲ್ (ಪುಡಿ ಕಾಯಿಸುವ ಪುಟ್ಟ ಬಟ್ಟಲು) ತೂಗೋದು, ಏಪ್ರಿಲ್ನಾಗ ಹೆಡ್ ಆಫೀಸಿನ ಎಕ್ಸೆಲ್ ಶೀಟು ತುಂಬೋದು, ಅಷ್ಟೇ. ಅದರಾಗೂ ಪ್ರಿಪೇರ್ಡ್ ಬೈ ಅಂತ ಸಾಹೇಬರ ಹೆಸರು ಇರ್ತದ, ಅದು ಪದ್ಧತಿ.”

ರೊಟ್ಟಿ ಸೀದಿದ್ದು ಇಲ್ಲಿ.

ತಂಗೀ, ನಾನು ಮೂವತ್ತು ವರ್ಷ ಕಲಬುರಗಿಯ ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಟ್ಟವಳು. ಮೊದಲ ವಾರದ ಪಾಠ ಯಾವಾಗಲೂ ನೆಲದ ಮೇಲೆಯೇ. ನಮ್ಮ ಕಡೆ ಯಾರ ಮನೆಗೆ ಹೋದರೂ ಕಾಲಡಿ ಶಹಾಬಾದ್ ಕಲ್ಲು. ಅದರ ಮೇಲೆ ತೆಳುಮಾಡಿದ ಆ್ಯಸಿಡ್ಡಿನ ಎರಡು ಹನಿ ಬಿಟ್ಟರೆ ಬುಸ್ಸೆಂದು ನೊರೆ ಏಳುತ್ತದೆ. ಹಿಂದಿನ ಬೆಂಚಿನ ಹುಡುಗರೂ ಎದ್ದು ಬಂದು ಬಗ್ಗಿ ನೋಡುತ್ತಿದ್ದರು. “ಏನು ಹೊರಗ ಬರ್ಲತ್ತದ?” ಎಂದು ಕೇಳುತ್ತಿದ್ದೆ. ಇಂಗಾಲದ ಡೈಆಕ್ಸೈಡ್. ಕೋಟಿಗಟ್ಟಲೆ ವರ್ಷ ಕಲ್ಲಿನೊಳಗೆ ಕೂತಿದ್ದ ಗಾಳಿ ಅದು. ಆ್ಯಸಿಡ್ ಮಾಡಿದ್ದನ್ನೇ ನಿಮ್ಮ ಕಾರ್ಖಾನೆಯಲ್ಲಿ ಬೆಂಕಿ ಮಾಡುತ್ತದೆ. ಶುದ್ಧ ಸುಣ್ಣದ ಕಲ್ಲು 100 ಕೆಜಿ ಸುಟ್ಟರೆ ಉಳಿಯುವ ಸುಣ್ಣ 56 ಕೆಜಿ, ಮಿಕ್ಕ 44 ಕೆಜಿ ಆಕಾಶಕ್ಕೆ. ಕಲ್ಲಿದ್ದಲಿನ ಹೊಗೆಯ ಲೆಕ್ಕ ಇದರಲ್ಲಿ ಇನ್ನೂ ಸೇರಿಲ್ಲ. ಗೂಡಿನ ಬೆಂಕಿಗೆ ಕಲ್ಲಿದ್ದಲು ಬಿಟ್ಟು ಕಲಬುರಗಿಯ ಬಿಸಿಲನ್ನೇ ತಂದು ತುಂಬಿದರೂ ಆ 44 ಕೆಜಿ ಹೋಗಿಯೇ ಹೋಗುತ್ತದೆ. ಸಿಮೆಂಟಿನ ಇಂಗಾಲದಲ್ಲಿ ಅರ್ಧಕ್ಕೂ ಹೆಚ್ಚು ಇಂಧನದ್ದಲ್ಲ, ಕಲ್ಲಿನದೇ. ಈ ಉದ್ಯಮದವರ ನಿದ್ದೆ ಕೆಡಿಸಿರುವ ತೊಡಕು ಇದೇ.

ಈಗ ನಿನ್ನ ಕ್ರೂಸಿಬಲ್ಲಿಗೆ ಬಾ. ರಾ ಮೀಲ್, ಅಂದರೆ ಗೂಡಿಗೆ ಹೋಗುವ ಕಲ್ಲಿನ ಪುಡಿ, ಒಂದು ಗ್ರಾಂ ತೂಗುತ್ತೀ, ಮಫಲ್ ಫರ್ನೇಸಿನಲ್ಲಿ 950 ಡಿಗ್ರಿಗೆ ಕಾಯಿಸುತ್ತೀ, ಡೆಸಿಕೇಟರಿನಲ್ಲಿ ಆರಲು ಬಿಟ್ಟು ಮತ್ತೆ ತೂಗುತ್ತೀ. ಮೂರರಲ್ಲಿ ಒಂದು ಪಾಲಿಗೂ ಹೆಚ್ಚು ತೂಕ ಮಾಯ. ರಿಜಿಸ್ಟರಿನಲ್ಲಿ ಎಲ್‌ಒಐ (ಕಾಯಿಸಿದಾಗ ಕಳೆದ ತೂಕ) ಎಂದು ಬರೆದು ಮುಂದಿನ ಸ್ಯಾಂಪಲ್ಲಿಗೆ ಕೈ ಹಾಕುತ್ತೀ. ಆ ಮಾಯವಾದ ತೂಕದಲ್ಲಿ ಬಹುಪಾಲು ಏನು? ನನ್ನ ಹಿಂದಿನ ಬೆಂಚಿನ ಹುಡುಗರಿಗೂ ಗೊತ್ತಿದ್ದ ಉತ್ತರ. ಹನ್ನೊಂದು ವರ್ಷದಿಂದ ದಿನಾ, ಶಿಫ್ಟಿಗೆ ಇಷ್ಟು ಸಲ ಎಂದು, ಜಗತ್ತೆಲ್ಲ ಮಾತಾಡುವ ಆ ಗಾಳಿಯನ್ನು ಗ್ರಾಂ ಲೆಕ್ಕದಲ್ಲಿ ಕೈಯಾರೆ ತೂಗಿದವಳು ನನಗೆ ಬರೆಯುತ್ತಾಳೆ: ಪರಿಸರದ ಅನುಭವ ನನಗೇನೂ ಇಲ್ಲ!

ಎಕ್ಸೆಲ್ ಶೀಟಿನ ಸಂಗತಿ ಇನ್ನೂ ದೊಡ್ಡದು. ಷೇರುಪೇಟೆಯ ಕಂಪನಿಗಳು ಪರಿಸರ, ಕಾರ್ಮಿಕರು, ಆಡಳಿತ ಇವುಗಳ ಲೆಕ್ಕ ಒಪ್ಪಿಸಬೇಕೆಂದು ಆ ಪೇಟೆಯ ಮೇಲ್ವಿಚಾರಕ ಸಂಸ್ಥೆ ಸೆಬಿ 2021ರಲ್ಲಿ ಬಿಆರ್‌ಎಸ್‌ಆರ್ ಎಂಬ ವರದಿಯನ್ನು ತಂದಿತು. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಕಂಪನಿಗಳಿಗೆ 2022-23ರಿಂದ ಅದು ಕಡ್ಡಾಯ. ಅದರಲ್ಲಿ ಒಂಬತ್ತು ತತ್ತ್ವಗಳಿವೆ, ಆರನೆಯದು ಪರಿಸರದ್ದು. ಎಷ್ಟು ವಿದ್ಯುತ್ತು, ಎಷ್ಟು ನೀರು, ಎಷ್ಟು ಹೊಗೆ, ಸ್ಕೋಪ್ 1 (ಕಾರ್ಖಾನೆಯೇ ಬಿಟ್ಟ ಹಸಿರುಮನೆ ಅನಿಲ) ಎಷ್ಟು, ಸ್ಕೋಪ್ 2 (ಕೊಂಡ ವಿದ್ಯುತ್ತಿನ ಲೆಕ್ಕದ್ದು) ಎಷ್ಟು ಎಂಬ ಕೋಷ್ಟಕಗಳೆಲ್ಲ ಅಲ್ಲೇ ಬರುತ್ತವೆ. ನೀನು ಏಪ್ರಿಲ್‌ನಲ್ಲಿ ತುಂಬುವುದು ಇದನ್ನೇ. ಪತ್ರದಲ್ಲಿ ನೀನು ಬರೆದ ಕಾಲಂಗಳ ಹೆಸರು ನೋಡಿ ಹೇಳುತ್ತಿದ್ದೇನೆ. 2023ರಲ್ಲಿ ಸೆಬಿ ಇನ್ನೂ ಒಂದು ಹೆಜ್ಜೆ ಹೋಗಿ, ದೊಡ್ಡ ಕಂಪನಿಗಳಿಂದ ಮೊದಲುಗೊಂಡು ಇದರ ಮುಖ್ಯ ಅಂಕಿಗಳನ್ನು ಹೊರಗಿನವರು ತಪಾಸಣೆ ಮಾಡಬೇಕೆಂದಿತು. ಗುರಿಗಿಂತ ಕಡಿಮೆ ಇಂಗಾಲ ಬಿಟ್ಟವರು ಆ ಉಳಿತಾಯವನ್ನು ಮಾರಬಹುದಾದ, ಕೇಂದ್ರ ಸರ್ಕಾರದ ಕಾರ್ಬನ್ ಕ್ರೆಡಿಟ್ ವ್ಯಾಪಾರ ಯೋಜನೆ ಪ್ರಕಟವಾದದ್ದೂ ಅದೇ ವರ್ಷ, ಅದರಲ್ಲಿ ಸಿಮೆಂಟೂ ಉಂಟು. ಅಂದರೆ ನಿನ್ನ ಶೀಟಿನ ಅಂಕಿಗೆ ಈಗ ರೊಕ್ಕದ ಬೆಲೆ ಬಂದಿದೆ. ಈ ಅಂಕಿ ಎಲ್ಲಿಂದ ಬಂತು, ಯಾವ ಸ್ಯಾಂಪಲ್ಲು, ಯಾವ ತಕ್ಕಡಿ, ಯಾರು ತೂಗಿದ್ದು ಎಂದು ನಾಳೆ ಕೇಳುವವರು ಬರುತ್ತಾರೆ. ಆಗ ಹೇಳಬೇಕಾದವಳು ಒಳಗೆ ಕ್ರೂಸಿಬಲ್ ಆರಲು ಕಾಯುತ್ತಿರುತ್ತಾಳೆ.

ನಿಮ್ಮ ಸಾಹೇಬರ ಮೇಲೆ ನನಗೆ ಅಂಥ ಸಿಟ್ಟಿಲ್ಲ, ಆಶ್ಚರ್ಯಪಡಬೇಡ. ಕಾಲಂ ಖಾಲಿ ಕಂಡಿತು, ಹೆಸರು ಬರೆದುಕೊಂಡರು. ಬಸ್ಸಿನಲ್ಲಿ ಖಾಲಿ ಸೀಟಿಗೆ ಕಿಟಕಿಯಿಂದ ಟವೆಲ್ ಹಾಕುವ ಊರಿನವರು ನಾವು.

ಸಿಟ್ಟಿರುವುದು ಪುಣೆಯ ಅಣ್ಣನ ಮೇಲೆ. “ಸಿಮೆಂಟ್ ಅಂದ್ರ ಪರಿಸರದ ವೈರಿ, ನೀ ಅಲ್ಲೇ ಕೊಳಿಲತ್ತಿ” ಎಂದನಂತೆ. ಅವನು ಕೂತು ಹೀಗೆ ಹೇಳಿದ ಫ್ಲ್ಯಾಟು ಯಾತರಿಂದ ಕಟ್ಟಿದ್ದು? ಕೇಳು ಒಮ್ಮೆ. ತಂಗಿಯ ಕೆಲಸ ಏನೆಂದು ಹನ್ನೊಂದು ವರ್ಷದಲ್ಲಿ ಒಂದು ಸಲವೂ ವಿಚಾರಿಸದವನು ಅವಳ ಪಾಟ್ಲಿಯ ತೂಕ ಮಾತ್ರ ಸರಿಯಾಗಿ ನೆನಪಿಟ್ಟುಕೊಂಡಿದ್ದಾನೆ. ಅಡವಿಡುವುದಿದ್ದರೆ ಅವನ ಹೆಂಡತಿಯದೂ ಇರಬಹುದಲ್ಲ? ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು, ನಾನು ಅತಿ ಮಾಡುತ್ತಿರಬಹುದು. ಆದರೆ ಈ ಅಂಕಣ ಓದುವವರಿಗೆ ಗೊತ್ತು, ದೂರದಲ್ಲಿದ್ದು ಲಿಂಕ್ ಕಳಿಸುವ ಅಣ್ಣಂದಿರ ವಿಷಯದಲ್ಲಿ ನಾನು ಯಾವತ್ತೂ ನ್ಯಾಯವಾಗಿ ನಡೆದುಕೊಂಡವಳಲ್ಲ. ಮಾಸ್ತರ ನಾಲ್ಕು ಅಕ್ಷರದಲ್ಲಿ ಹೇಳಿದ “ಸಾಲ ಬ್ಯಾಡ” ನನಗೆ ಅಣ್ಣನ ಇಡೀ ಬ್ರೋಶರ್‌ಗಿಂತ ಹಿಡಿಸಿತು.

ಇನ್ನು ಕೋರ್ಸಿನ ಮಾತು. ಬೇಗ ಮುಗಿಸುತ್ತೇನೆ, ಏಕೆಂದರೆ ನಿನ್ನ ಪತ್ರದ ಮುಖ್ಯ ವಿಷಯ ಅದಲ್ಲ.

ನಾನೂ ಒಮ್ಮೆ ಬಿದ್ದವಳೇ. ತೊಂಬತ್ತರ ದಶಕದಲ್ಲಿ ಪರಿಸರ ನಿರ್ವಹಣೆಯ ಪಿಜಿ ಡಿಪ್ಲೊಮಾ ಒಂದನ್ನು ಟಪಾಲಿನಲ್ಲಿ ಮಾಡಿದೆ. ಹೊಳೆಯುವ ಕಾಗದ, ಬಂಗಾರದ ಅಂಚಿನ ಮುದ್ರೆ. ಬಡ್ತಿಯ ಫೈಲಿನಲ್ಲಿ ಇಟ್ಟರೆ ಗುಮಾಸ್ತ ತಿರುವಿ ತಿರುವಿ ನೋಡಿ, “ಇದಕ್ಕ ಮಾನ್ಯತಾ ಎಲ್ಲದ ಮೇಡಂ?” ಎಂದ. ಎಲ್ಲೂ ಇರಲಿಲ್ಲ. ಈಗ ಅದು ನನ್ನ ಅಲ್ಮಾರಿಯ ಕೆಳಗಿನ ಖಾನೆಯಲ್ಲಿ, ಜಂಗು ಸೀರೆಗೆ ಹತ್ತಬಾರದೆಂದು ಹಾಸಿದ ಕಾಗದ. ಚೆನ್ನಾಗಿ ಬಾಳಿಕೆ ಬಂದಿದೆ, ಸುಳ್ಳು ಹೇಳಬಾರದು.

ಆ ಗುಮಾಸ್ತನ ಪ್ರಶ್ನೆಯನ್ನೇ ಅಣ್ಣನ ಕೋರ್ಸಿಗೆ ಕೇಳು. ವಿದೇಶಿ ವಿಶ್ವವಿದ್ಯಾಲಯದ ಪದವಿಯನ್ನು ಇಲ್ಲಿಯ ಎಡ್‌ಟೆಕ್ ಕಂಪನಿಗಳು ಆನ್‌ಲೈನ್‌ನಲ್ಲಿ ಕೊಡಿಸುವುದಕ್ಕೆ ಮಾನ್ಯತೆ ಇಲ್ಲವೆಂದು ಯುಜಿಸಿ 2023ರ ಡಿಸೆಂಬರ್‌ನಲ್ಲಿ ಎಚ್ಚರಿಸಿದೆ. ‘ಎಕ್ಸಿಕ್ಯುಟಿವ್ ಪಿಜಿ’ ಎಂದರೆ ಪದವಿ ಎಂದೇನೂ ಅಲ್ಲ, ಬಹಳ ಸಲ ಅದು ಬರೀ ಸರ್ಟಿಫಿಕೇಟು. ಹಾಗೆಂದು ಆನ್‌ಲೈನ್ ಓದೇ ಕೀಳಲ್ಲ. ಯುಜಿಸಿಯ ದೂರಶಿಕ್ಷಣ ವಿಭಾಗ ಅನುಮತಿ ಕೊಟ್ಟ ಆನ್‌ಲೈನ್ ಪದವಿ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ ಎಂದು 2022ರಲ್ಲೇ ಸ್ಪಷ್ಟಪಡಿಸಿದ್ದಾರೆ. ಹಾಗಾಗಿ ನಿನ್ನ ಎರಡನೆಯ ಆಯ್ಕೆಯ ಎಂಬಿಎ ಆ ವಿಭಾಗದ ಪಟ್ಟಿಯಲ್ಲಿ ಈ ವರ್ಷಕ್ಕೆ ಇದೆಯೇ ನೋಡು. ವಿಶ್ವವಿದ್ಯಾಲಯದ ಹೆಸರಿದ್ದರೆ ಸಾಲದು, ಆ ಕೋರ್ಸಿನ ಹೆಸರೂ ಇರಬೇಕು. ಆಮೇಲೆ ಬ್ರೋಶರ್ ಬದಿಗಿಟ್ಟು ಸಿಲೆಬಸ್ ತರಿಸು. ಹಸಿರುಮನೆ ಅನಿಲಗಳ ಲೆಕ್ಕ, ಎಲ್‌ಸಿಎ (ವಸ್ತುವೊಂದರ ಹುಟ್ಟಿನಿಂದ ಕೊನೆಯವರೆಗಿನ ಪರಿಸರದ ಲೆಕ್ಕ), ಇಂಧನ ತಪಾಸಣೆ ಇದ್ದರೆ ಓದು. ಬರೀ ನಾಯಕತ್ವ, ಮುನ್ನೋಟ, ಎಲೆ ಹಿಡಿದ ಅಂಗೈಯ ಚಿತ್ರ ಇದ್ದರೆ ಬಿಟ್ಟುಬಿಡು. ಇಗ್ನೊದ ಪರಿಸರ ಮತ್ತು ಸುಸ್ಥಿರ ಅಭಿವೃದ್ಧಿಯ ಡಿಪ್ಲೊಮಾಕ್ಕೆ ಹೊಳಪು ಕಡಿಮೆ, ಆದರೆ ಯಾವ ಗುಮಾಸ್ತನೂ ಮಾನ್ಯತೆ ಕೇಳುವುದಿಲ್ಲ, ಶುಲ್ಕಕ್ಕೆ ಪಾಟ್ಲಿಯೂ ಬೇಡ.

ನಿನ್ನ ಪಟ್ಟಿಯಲ್ಲಿ ಇಲ್ಲದ ಇನ್ನೊಂದಿದೆ. 2001ರ ಇಂಧನ ಸಂರಕ್ಷಣಾ ಕಾಯ್ದೆಯ ಪ್ರಕಾರ ನಿಮ್ಮಂಥ ದೊಡ್ಡ ಕಾರ್ಖಾನೆಗಳು ಅರ್ಹತೆ ಪಡೆದ ಎನರ್ಜಿ ಮ್ಯಾನೇಜರ್ ಒಬ್ಬರನ್ನು ಇಟ್ಟುಕೊಳ್ಳಲೇಬೇಕು. ಅದಕ್ಕೆ ಕೇಂದ್ರದ ಇಂಧನ ದಕ್ಷತಾ ಬ್ಯೂರೊ, ಅಂದರೆ ಬಿಇಇಯ ರಾಷ್ಟ್ರೀಯ ಪರೀಕ್ಷೆ ಇದೆ. ಮ್ಯಾನೇಜರ್ ಆಗಲು ಮೂರು ಪತ್ರಿಕೆ, ಆಡಿಟರ್ ಆಗಲು ನಾಲ್ಕು. ಬಿಇ ಮತ್ತು ಹನ್ನೊಂದು ವರ್ಷದ ಅನುಭವ ಇರುವ ನೀನು ಎರಡಕ್ಕೂ ಕೂರಬಹುದು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ರಾತ್ರಿ ಪಾಳಿಯಲ್ಲಿ ಓದಿಯೇ ಪಾಸಾದ.

ಆದರೆ ಇದ್ಯಾವುದನ್ನೂ ಈ ತಿಂಗಳು ಮಾಡಬೇಡ. ನನ್ನ ಹಳೆಯ ಹಟ ಓದುಗರಿಗೆ ಗೊತ್ತೇ ಇದೆ: ಮೇ ತಿಂಗಳ ಕಲಬುರಗಿಯಲ್ಲಿ ಯಾರೂ ಯಾವ ಕಾಗದಕ್ಕೂ ಸಹಿ ಹಾಕಬಾರದು. 43 ಡಿಗ್ರಿಯಲ್ಲಿ ಮನುಷ್ಯನಿಗೆ ಎಲ್ಲಿಗಾದರೂ ಓಡಿಹೋದರೆ ಸಾಕೆನಿಸುತ್ತದೆ, ಅದನ್ನೇ ಗುರಿ ಎಂದುಕೊಳ್ಳುತ್ತಾನೆ. ಮೃಗಶಿರ ಮಳೆ ಬಿದ್ದ ಮೇಲೂ ಅದೇ ಆಸೆ ಇದ್ದರೆ ಆಗ ನೋಡೋಣ. ‘ಇವತ್ತೇ ಕೊನೇ ದಿನ’ ಎನ್ನುವ ಕೋರ್ಸಿಗೆ ಜೂನ್‌ನಲ್ಲೂ ಒಂದು ಕೊನೇ ದಿನ ಇದ್ದೇ ಇರುತ್ತದೆ.

ಈ ವಾರ ನೀನು ಮಾಡಬೇಕಾದದ್ದು ಒಂದೇ ಕೆಲಸ. ಸೋಮವಾರ ಬೆಳಿಗ್ಗೆ, ಮೊದಲ ಸ್ಯಾಂಪಲ್ ಫರ್ನೇಸಿಗೆ ಇಟ್ಟ ಮೇಲೆ, ಸಾಹೇಬರಿಗೆ ಒಂದು ಇಮೇಲ್ ಹಾಕು. ಬಾಯಿಮಾತು ಬೇಡ, ವಾಟ್ಸ್‌ಆ್ಯಪೂ ಬೇಡ. ಯಾವ ಯಾವ ವರ್ಷದ ಶೀಟುಗಳನ್ನು ನೀನು ಸಿದ್ಧಪಡಿಸಿದ್ದೀ, ಯಾವ ಅಂಕಿ ಲ್ಯಾಬಿನ ಯಾವ ರಿಜಿಸ್ಟರಿನಿಂದ ಬಂದದ್ದು ಎಂದು ನಾಲ್ಕು ಸಾಲಿನಲ್ಲಿ ಬರೆ. ಈ ವರ್ಷದ ಶೀಟಿನಲ್ಲಿ ‘ಪ್ರಿಪೇರ್ಡ್ ಬೈ’ ಎದುರು ನಿನ್ನ ಹೆಸರು, ‘ಚೆಕ್ಡ್ ಬೈ’ ಎದುರು ಅವರ ಹೆಸರು ಇರಲಿ ಎಂದು ಕೇಳು. ತಪಾಸಣೆಯವರು ಬಂದಾಗ ನೀನೂ ಕೂರುತ್ತೀ ಎಂದು ತಿಳಿಸು. ‘ದಯವಿಟ್ಟು’ ಒಂದು ಸಲ ಸಾಕು. ‘ತಪ್ಪು ತಿಳಿಯಬೇಡಿ’ ಎಂದು ಬರೆಯಲೇಬೇಡ, ನಿನ್ನ ಪತ್ರದಲ್ಲಿ ಅದು ಐದು ಸಲ ಬಂದಿದೆ, ಎಣಿಸಿದ್ದೇನೆ. ಸಾಹೇಬರು ಕರೆಸಿ “ಏನಮ್ಮಾ ಇದು?” ಎಂದರೆ ರಿಜಿಸ್ಟರ್ ಹಿಡಿದುಕೊಂಡೇ ಹೋಗು.

ಮೇ 31ರ ರಾತ್ರಿ ಅಣ್ಣನ ಫೋನ್ ಬಂದೇ ಬರುತ್ತದೆ. ಮಾಸ್ತರ ಕೈಗೆ ಕೊಟ್ಟು ನೀನು ಮಾಳಿಗೆಗೆ ಹೋಗಿ ಮಲಗು. ಅಲ್ಲಿ ಗಾಳಿ ಇರುತ್ತದೆ.