ಚಳಿಗಾಲದ ಚಂದ್ರಶಿಲಾ ಒಂದೇ ದಿನದಲ್ಲಿ ಸಾಧ್ಯವೇ?

ಪ್ರಶ್ನೆ: ಮುಳ್ಳಯ್ಯನಗಿರಿ, ಕುದುರೆಮುಖಗಳನ್ನು ಹತ್ತಿದ್ದೇನೆ. ಫೆಬ್ರುವರಿಯಲ್ಲಿ ಉತ್ತರಾಖಂಡದ ಚಂದ್ರಶಿಲಾ ಶಿಖರವನ್ನು ಚೋಪ್ತಾದಿಂದ ಒಂದೇ ದಿನದಲ್ಲಿ ಹತ್ತಿ ಇಳಿಯಬಹುದೇ?
– ಓದುಗರೊಬ್ಬರು, ಹಾಸನ

ಉತ್ತರ: ಖಂಡಿತ ಸಾಧ್ಯ, ಆದರೆ ದೂರವನ್ನು ನೋಡಿ ಹಗುರವಾಗಿ ಭಾವಿಸಬೇಡಿ. ಹೋಗುವ ದಾರಿ ಸುಮಾರು ಐದು ಕಿಲೋಮೀಟರ್ ಮಾತ್ರ; ಆದರೆ ನಡಿಗೆ ಆರಂಭವಾಗುವ ಚೋಪ್ತಾವೇ 1,930 ಮೀಟರ್ ಎತ್ತರದ ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರದಲ್ಲಿದ್ದು, ಶಿಖರವು ಸುಮಾರು 3,700 ಮೀಟರ್ ಇರುವುದರಿಂದ ಉಸಿರು ಬೇಗ ಕಟ್ಟುತ್ತದೆ. ಹಿಂದಿನ ರಾತ್ರಿಯನ್ನು ಚೋಪ್ತಾದ ಆಸುಪಾಸಿನಲ್ಲೇ ಕಳೆಯಿರಿ. ಹಿಮ ಬಿದ್ದು ರಸ್ತೆ ಮುಚ್ಚಿದ್ದರೆ ಇನ್ನೂ ಕೆಳಗಿನಿಂದಲೇ ನಡೆಯಬೇಕಾಗುತ್ತದೆ.

ತುಂಗನಾಥ ದೇವಾಲಯದವರೆಗೆ ಕಲ್ಲುಹಾಸಿನ ದಾರಿಯಿದೆ. ಚಳಿಗಾಲದಲ್ಲಿ ಉತ್ಸವಮೂರ್ತಿಯನ್ನು ಕೆಳಗಿನ ಮಕ್ಕುಮಠ ಎಂಬ ಹಳ್ಳಿಗೆ ಕೊಂಡೊಯ್ಯುವುದರಿಂದ ಗುಡಿಯ ಬಾಗಿಲು ಮುಚ್ಚಿರುತ್ತದೆ. ನಿಜವಾದ ಪರೀಕ್ಷೆ ಅಲ್ಲಿಂದ ಮೇಲಿನ ಕಡಿದಾದ ಏರಿನಲ್ಲಿದೆ: ಹಗಲು ಕರಗಿದ ಹಿಮವು ರಾತ್ರಿ ಮತ್ತೆ ಹೆಪ್ಪುಗಟ್ಟಿ, ಬೆಳಗಿನ ಜಾವ ಗಾಜಿನಂತೆ ಜಾರುತ್ತದೆ. ಬೂಟಿಗೆ ಕಟ್ಟುವ ಲೋಹದ ಮುಳ್ಳುಗಳು, ಊರುಗೋಲು ಹಾಗೂ ಸ್ಥಳೀಯ ಮಾರ್ಗದರ್ಶಕರಿಲ್ಲದೆ ಈ ಭಾಗವನ್ನು ಏರಲೇಬೇಡಿ. ತಲೆನೋವಿನೊಂದಿಗೆ ವಾಂತಿ ಕಾಣಿಸಿಕೊಂಡರೆ, ಚೌಖಂಬಾ ಹಿಮಶಿಖರದ ನೋಟ ಕಣ್ಣೆದುರೇ ಇದ್ದರೂ ಕೂಡಲೇ ಕೆಳಗಿಳಿಯಿರಿ.