ನಮಗೆ ಬೇಕಾದ ಜೀನ್‌ಗಳನ್ನಷ್ಟೇ ಹಾಕಿದ ಡಿಎನ್‌ಎ ಮೈಕ್ರೋಅರೇ ಹೇಗೆ ತಯಾರಾಗುತ್ತದೆ?

ಮೈಕ್ರೋಅರೇ ಅಂದರೆ ಚುಕ್ಕಿ ಚುಕ್ಕಿಯಾಗಿ ಬೇರೆ ಬೇರೆ ಡಿಎನ್‌ಎ ಎಳೆಗಳನ್ನು ಕೂರಿಸಿದ ಚಿಪ್; ಮಾದರಿಯಲ್ಲಿ ಯಾವ ಜೀನ್‌ಗಳಿವೆ ಎಂದು ಹುಡುಕಲು ಬಳಸುತ್ತಾರೆ. ಯಾವ ಜೀನ್ ಹುಡುಕಬೇಕೋ ಅದಕ್ಕೆ ಜೋಡಿಯಾಗುವ ಡಿಎನ್‌ಎ ಸಾಲನ್ನು ಮೊದಲು ಕಂಪ್ಯೂಟರಿನಲ್ಲಿ ಬರೆಯುತ್ತಾರೆ. ಅಜಿಲೆಂಟ್ ಕಂಪನಿಯ ವಿಧಾನದಲ್ಲಿ ಮುಂದಿನದೆಲ್ಲ ಇಂಕ್‌ಜೆಟ್ ಪ್ರಿಂಟಿಂಗ್. ಶಾಯಿಯ ಬದಲು ಡಿಎನ್‌ಎಯ ನಾಲ್ಕು ಅಕ್ಷರಗಳಾದ ಎ, ಟಿ, ಜಿ, ಸಿ ಅಣುಗಳ ದ್ರಾವಣ. ಗಾಜಿನ ಸ್ಲೈಡ್ ಮೇಲಿನ ಪ್ರತಿ ಚುಕ್ಕಿಗೂ ಬೇಕಾದ ಅಕ್ಷರದ ಹನಿ ಬೀಳುತ್ತದೆ. ಅಣುವಿನ ತುದಿಗೆ ರಾಸಾಯನಿಕ ಮುಚ್ಚಳ ಇರುವುದರಿಂದ ಒಂದು ಸಲಕ್ಕೆ ಒಂದೇ ಅಕ್ಷರ ಕೂರುತ್ತದೆ. ತೊಳೆದು, ಮುಚ್ಚಳ ತೆಗೆದು, ಮುಂದಿನ ಅಕ್ಷರ. ಹೀಗೆ 60 ಸುತ್ತು.

ಇನ್ನೂ ಜಾಸ್ತಿ ಉದ್ದ ಮಾಡುವುದು ಕಷ್ಟ. ಪ್ರತಿ ಸುತ್ತು ಶೇ. 99 ಸರಿಯಾದರೂ, 60 ಸುತ್ತಿನ ಕೊನೆಗೆ ಪೂರ್ತಿ ಬೆಳೆದ ಎಳೆಗಳು ಸುಮಾರು ಶೇ. 55 ಮಾತ್ರ!

ಅಫಿಮೆಟ್ರಿಕ್ಸ್ ಎಂಬ ಇನ್ನೊಂದು ಕಂಪನಿ ರೂಪಿಸಿದ ವಿಧಾನದಲ್ಲಿ ಬೆಳಕು ಬಿದ್ದಲ್ಲಿ ಮುಚ್ಚಳ ಬಿಚ್ಚುತ್ತದೆ. ಅದಕ್ಕೆ 25 ಅಕ್ಷರಕ್ಕೆ 100ರವರೆಗೂ ಮಾಸ್ಕ್ (ಬೇಕಾದ ಚುಕ್ಕಿಗಳಿಗಷ್ಟೇ ಬೆಳಕು ಬಿಡುವ ಅಚ್ಚು) ಬೇಕಾಗಬಹುದು. ಹತ್ತೇ ಚಿಪ್ ಬೇಕಾದವರಿಗೆ ಅದು ದುಬಾರಿ ಅಲ್ವಾ? ಪ್ರಿಂಟರಿಗಾದರೆ ಫೈಲ್ ಬದಲಿಸಿದರೆ ಸಾಕು.