ಜಗಲಿ ಒರೆಸುವುದೂ ಕಲೆಯಾ?

ಪ್ರಶ್ನೆ: ಮಗಳು ಬೆಂಗಳೂರಿನಲ್ಲಿ ಚಿತ್ರಕಲೆ ಓದುತ್ತಿದ್ದಾಳೆ. ಅಮೆರಿಕದ ಒಬ್ಬ ಕಲಾವಿದೆ ಮ್ಯೂಸಿಯಂ ಮೆಟ್ಟಿಲು ತೊಳೆದರಂತೆ, ಅದೇ ಅವರ ಕೃತಿಯಂತೆ. ನಾನೂ ದಿನಾ ಜಗಲಿ ಒರೆಸ್ತೀನಿ. ಅದೂ ಕಲೆಯಾ ಮೇಡಂ?
— ಓದುಗಿ, ಹೊಸನಗರ

ಉತ್ತರ: ಅವರು ಮಿಯರ್ಲ್ ಲೇಡರ್‌ಮನ್ ಯೂಕಲೀಸ್. ನನಗೆ ತುಂಬಾ ಇಷ್ಟದ ಕಲಾವಿದೆ. 1968ರಲ್ಲಿ ಮಗು ಹುಟ್ಟಿತು. ಒಗೆಯುವುದು, ಒರೆಸುವುದು, ಅಡುಗೆ. ಕಲೆಗೆ ಹೊತ್ತೇ ಸಿಗಲಿಲ್ಲ. 1969ರಲ್ಲಿ ಒಂದು ಪ್ರಣಾಳಿಕೆ ಬರೆದು, ಈ ಕೆಲಸಗಳನ್ನೇ ಕಲೆಯಾಗಿ ಎಲ್ಲರ ಮುಂದೆ ಮಾಡುತ್ತೇನೆ ಎಂದರು. ಕ್ರಾಂತಿಯೆಲ್ಲ ಮುಗಿದ ಮೇಲೆ ಸೋಮವಾರ ಬೆಳಿಗ್ಗೆ ಕಸ ಎತ್ತುವವರು ಯಾರು ಅಂತ ಅದರಲ್ಲಿ ಕೇಳಿದ್ದಾರೆ. ಮೆಟ್ಟಿಲು ತೊಳೆದದ್ದು 1973ರಲ್ಲಿ, ಹಾರ್ಟ್‌ಫರ್ಡ್ ಊರಿನ ಮ್ಯೂಸಿಯಂನಲ್ಲಿ. ಒರೆಸಲು ಹಿಡಿದದ್ದು ಮಗುವಿಗೆ ಕಟ್ಟುವ ಬಟ್ಟೆ.

ಇದನ್ನು ಮೊದಲು ಓದಿದಾಗ ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಅಂಗಳ ನೆನಪಾಯಿತು. ಮಳೆ ನಿಂತ ಮೇಲೆ ಅಮ್ಮ ಅಲ್ಲಿನ ಹಾವಸೆ ಕೆರೆದು, ಮಣ್ಣು ಬಡಿದು ಗಟ್ಟಿ ಮಾಡಿ, ಸಗಣಿ ಸಾರಿಸುತ್ತಿದ್ದಳು. ಬಗ್ಗಿಕೊಂಡೇ ಹಿಂದೆ ಹಿಂದೆ ಬರುತ್ತಿದ್ದಳು. ಒಣಗಿದ ಮೇಲೆ ನೋಡಿದರೆ ನಾಲ್ಕು ಬೆರಳಿನ ಗೆರೆಗಳು, ಅರ್ಧಚಂದ್ರದ ಹಾಗೆ, ಸಾಲಾಗಿ, ಒಂದರ ಮೇಲೊಂದು ಚೂರೇ ಚೂರು ಹತ್ತಿಕೊಂಡು. ಅದರ ಮೇಲೆ ಅಡಿಕೆ ಹರವಿದರೆ ಒಂದು ಗೆರೆಯೂ ಕಾಣುತ್ತಿರಲಿಲ್ಲ. ಜೂನ್ ಮಳೆಗೆ ಎಲ್ಲಾ ತೊಳೆದುಹೋಗುತ್ತಿತ್ತು. ಮತ್ತೆ ಮುಂದಿನ ವರ್ಷ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಒರೆಸುವುದು ಅಷ್ಟಕ್ಕೇ ಕಲೆ ಆಗುವುದಿಲ್ಲ ಅಂತಲೇ ನನ್ನ ಅಭಿಪ್ರಾಯ. ಮ್ಯೂಸಿಯಂ ಬಾಗಿಲು ತೆರೆಯುವ ಮೊದಲು ಯಾರೋ ಒರೆಸಿ ಹೋಗಿರುತ್ತಾರೆ, ನಾವು ನೋಡುವುದೇ ಇಲ್ಲ. ಯೂಕಲೀಸ್ ಅದನ್ನು ಹಾಡಹಗಲು, ಚಿತ್ರ ನೋಡಲು ಬಂದವರ ಕಾಲಬುಡದಲ್ಲೇ ಮಾಡಿದರು. ನೋಡದೆ ದಾಟಿಹೋಗಲು ದಾರಿ ಬಿಡಲಿಲ್ಲ. ಕಲೆ ಇರುವುದು ಅಲ್ಲಿ.

ಮಗಳಿಗೆ ಅವರ ಇನ್ನೊಂದು ಕೆಲಸದ ಬಗ್ಗೆಯೂ ಕೇಳಿ. 1979-80ರಲ್ಲಿ ನ್ಯೂಯಾರ್ಕಿನ ಸುಮಾರು 8,500 ಪೌರಕಾರ್ಮಿಕರನ್ನು ಹುಡುಕಿಕೊಂಡು ಹೋಗಿ, ಒಬ್ಬೊಬ್ಬರ ಕೈ ಕುಲುಕಿ, ‘ಈ ಊರನ್ನು ಜೀವಂತ ಇಟ್ಟಿದ್ದೀರಿ, ಥ್ಯಾಂಕ್ಸ್’ ಎಂದರು. ಶಿವಮೊಗ್ಗದಲ್ಲಿ ನಮ್ಮ ಬೀದಿಗೆ ದಿನಾ ಬೆಳಿಗ್ಗೆ ಕಸದ ಗಾಡಿ ತರುವ ಹೆಂಗಸಿನ ಹೆಸರನ್ನು ನಾನು ಕೇಳಿದ್ದು ಇದನ್ನು ಓದಿದ ಮೇಲೆಯೇ.

ಅಮ್ಮನ ಮದುವೆ ಫೋಟೋ ನನ್ನ ಹತ್ತಿರ ಇದೆ. ಆ ಅಂಗಳದ್ದು ಒಂದೂ ಇಲ್ಲ. ದೀಪಾವಳಿಗೆ ಮಗಳು ಬಂದಾಗ, ನೀವು ಜಗಲಿ ಒರೆಸುವ ಹೊತ್ತಿಗೆ ಒಂದು ಫೋಟೋ ತೆಗೆಯೋಕೆ ಹೇಳಿ. ನೆಲ ಒಣಗುವ ಮೊದಲು.